ಸಾನ್ ಹೊಸೆಯಲ್ಲಿ ಒಂದೇ ಒಂದು ದಿನ ಇದ್ದರೆ, ಊರಿನವರ ಜೊತೆ ಏನು ನೋಡಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನನ್ನದೂ ಒಂದು ಕಾಲದಲ್ಲಿ ಇದೇ ಕಥೆ. ಆಫೀಸ್ ಕೆಲಸಕ್ಕೆ ಕೋಸ್ಟಾ ರಿಕಾದ ರಾಜಧಾನಿ ಸಾನ್ ಹೊಸೆಗೆ ಹೋಗುತ್ತಿದ್ದೀರಿ, ಒಂದು ಶನಿವಾರ ಖಾಲಿ ಇದೆ, ಅಲ್ಲಿನ ಸಹೋದ್ಯೋಗಿ ಊರು ತೋರಿಸುತ್ತೇನೆ ಅಂದಿದ್ದಾರೆ. ಅವರಿಗೆ ಏನೇನು ಪಟ್ಟಿ ಕೊಡಲಿ, ಸಸ್ಯಾಹಾರಿಗೆ ಊಟ ಸಿಗುತ್ತಾ ಅಂತ ಕೇಳಿದ್ದೀರಿ.

ಪಟ್ಟಿ ಕೊಡಬೇಡಿ. ಅವರು ಶನಿವಾರ ಸಾಮಾನು ತರೋಕೆ ಎಲ್ಲಿಗೆ ಹೋಗುತ್ತಾರೋ ಅಲ್ಲಿಗೇ ಹೋಗಿ. ಸುಮ್ನೆ ನೋಡೋಕೆ ಸಾನ್ ಹೊಸೆ ಚೆಂದದ ಊರೇನಲ್ಲ. ಪ್ರವಾಸಿಗರು ಒಂದು ರಾತ್ರಿ ಮಲಗಿ ಬೆಳಿಗ್ಗೆಯೇ ಜ್ವಾಲಾಮುಖಿ, ಬೀಚು ಅಂತ ಓಡುತ್ತಾರೆ. ಕಾಂಕ್ರೀಟು, ತಂತಿಗಳ ಗೋಜಲು, ಕಿಟಕಿಗೆಲ್ಲ ಕಬ್ಬಿಣದ ಸರಳು. ಪಕ್ಕದಲ್ಲಿ ಹೇಳುವವರು ಇಲ್ಲದಿದ್ದರೆ ನೀವೂ ಹಾಗೇ ಓಡುತ್ತೀರಿ.

ನಾನು ಮೂರು ತಿಂಗಳು ಅಲ್ಲಿದ್ದೆ. ವಿಶ್ವವಿದ್ಯಾಲಯದ ಕಡೆ, ಸಾನ್ ಪೆದ್ರೊ ಅನ್ನೋ ಭಾಗದಲ್ಲಿ ಒಬ್ಬ ನಿವೃತ್ತ ಸ್ಕೂಲ್ ಟೀಚರ್ ಮನೆಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ. ಅವರನ್ನು ಎಲ್ಲರೂ ಕರೆಯುವ ಹಾಗೆ ನಾನೂ 'ದೋನ್ಯ' ಅಂತಿದ್ದೆ, ನಮ್ಮಲ್ಲಿ ಹೆಸರಿಗೆ 'ಅಮ್ಮ' ಸೇರಿಸುತ್ತೇವಲ್ಲ, ಹಾಗೆ. ಅವರು ನನಗೆ ಕೊಟ್ಟ ವಿಳಾಸ ಹೀಗಿತ್ತು: ಹಳೇ ಇಗೆರೋನ್‌ನಿಂದ 200 ಮೀಟರ್ ದಕ್ಷಿಣಕ್ಕೆ, 50 ಮೀಟರ್ ಪೂರ್ವಕ್ಕೆ, ಹಸಿರು ಗೇಟು.

ಅಷ್ಟೇ. ಮನೆ ನಂಬರಿಲ್ಲ, ರಸ್ತೆ ಹೆಸರಿಲ್ಲ. ಇಗೆರೋನ್ ಅಂದರೆ ನಮ್ಮ ಆಲ, ಅತ್ತಿ ಜಾತಿಯ ದೊಡ್ಡ ಮರ. ಮೊದಲ ರಾತ್ರಿ ಸೂಟ್‌ಕೇಸ್ ಎಳೆದುಕೊಂಡು ಆ ಮರ ಹುಡುಕಿದೆ. ಅರ್ಧ ಗಂಟೆ ಆದರೂ ಮರ ಕಾಣಲಿಲ್ಲ. ಕೊನೆಗೆ ಒಬ್ಬ ಹುಡುಗ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದ: ಮರ ಹೋಗಿ ಎಷ್ಟೋ ವರ್ಷ ಆಯ್ತು, ಅದಕ್ಕೇ ಅಲ್ವಾ 'ಹಳೇ' ಅನ್ನೋದು!

ಇಡೀ ಊರು ಹೀಗೇ. ಲೆಕ್ಕಕ್ಕೆ ರಸ್ತೆಗಳಿಗೆ ನಂಬರ್ ಇದೆ, ಬೋರ್ಡೂ ಹಾಕಿದ್ದಾರೆ, ಬಳಸುವವರು ಕಮ್ಮಿ. 'ನೂರು ಮೀಟರ್' ಅಂದರೆ ನಿಜವಾಗಿ ನೂರು ಮೀಟರ್ ಅಲ್ಲ, ಒಂದು ಅಡ್ಡರಸ್ತೆಯಿಂದ ಮುಂದಿನ ಅಡ್ಡರಸ್ತೆವರೆಗೆ. ವಯಸ್ಸಾದವರು ಮೀಟರ್ ಬದಲು 'ವಾರಾ' ಅನ್ನುತ್ತಾರೆ, ಅದು ಸ್ಪೇನಿನವರ ಕಾಲದ ಅಳತೆ. ಊರ ಮಧ್ಯೆ 'ಕೋಕಾ ಕೋಲಾ' ಅಂತ ಒಂದು ಬಸ್ ಸ್ಟ್ಯಾಂಡ್ ಇದೆ, ಹಿಂದೆ ಅಲ್ಲಿ ಆ ಪಾನೀಯ ತುಂಬುವ ಫ್ಯಾಕ್ಟರಿ ಇತ್ತು. ಫ್ಯಾಕ್ಟರಿ ಹೋಯಿತು, ಹೆಸರು ಉಳಿಯಿತು. ನಮ್ಮಲ್ಲೂ ಟಾಕೀಸ್ ಹೋದ ಮೇಲೂ ಮಿನರ್ವ ಸರ್ಕಲ್ ಅಂತಲೇ ಅಂತೀವಲ್ಲ. ಆದರೆ ನಾವು ಅದನ್ನು ಬಸ್ ಸ್ಟಾಪಿಗೆ ಬಿಟ್ಟಿದ್ದೇವೆ. ಇವರು ಕರೆಂಟ್ ಬಿಲ್ಲಿಗೂ ಹಾಕುತ್ತಾರೆ.

ಆ ಶನಿವಾರದ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಏಳಕ್ಕೇ ದೋನ್ಯ ಬಾಗಿಲು ಬಡಿದು, "ಏಳಿ ಮಗಾ, ಕಾಫಿ ಆಗಿದೆ" ಅಂದರು. 'ಮಗಾ' ಅಂದು 'ಏಳಿ' ಅಂದಿದ್ದು ನನ್ನ ತಪ್ಪಲ್ಲ. ಅಲ್ಲಿ ಬಹುವಚನ ಎಲ್ಲರಿಗೂ ಉಂಟು. ಮಕ್ಕಳಿಗೆ, ಗಂಡನಿಗೆ, ಕೊನೆಗೆ ಸಾಕಿದ ನಾಯಿಗೂ 'ಉಸ್ತೆದ್', ಅಂದರೆ 'ನೀವು'. ಅವರ ನಾಯಿಗೆ ಬೈಯುವಾಗಲೂ "ಸೋಫಾದಿಂದ ಇಳಿಯಿರಿ" ಅಂತಲೇ ಬೈಯುತ್ತಿದ್ದರು.

ಕಾಫಿ ಮಾಡೋದು ನೋಡಿ ನನಗೆ ಅಜ್ಜಿ ಮನೆ ನೆನಪಾಯಿತು. ಮರದ ಚಿಕ್ಕ ಸ್ಟ್ಯಾಂಡಿಗೆ ಬಟ್ಟೆಯ ಚೀಲ ನೇತು ಹಾಕಿ, ಪುಡಿ ಹಾಕಿ, ಮೇಲಿಂದ ಬಿಸಿನೀರು ಹೊಯ್ಯುತ್ತಾರೆ. ಚೊರ್ರೆಯಾದೋರ್ ಅಂತ ಹೆಸರು. ನಮ್ಮ ಮೂಡಿಗೆರೆ ಕಡೆ ಹಳೇ ಮನೆಗಳಲ್ಲಿ ಬಟ್ಟೆಯಲ್ಲಿ ಕಾಫಿ ಸೋಸುತ್ತಿದ್ದದ್ದು ಇದೇ ಥರ, ಸ್ಟ್ಯಾಂಡ್ ಬದಲು ಕೈ. ನಾವು ಚಿಕೋರಿ ಬೆರೆಸುತ್ತೇವೆ ಅಂತ ಹೇಳಿದೆ. ಅವರ ಮುಖ ನೋಡಬೇಕಿತ್ತು! ಆ ದೇಶದಲ್ಲಿ 1989ರಿಂದ 2018ರವರೆಗೆ ರೊಬಸ್ಟಾ ಬೆಳೆಯೋದನ್ನೇ ನಿಷೇಧಿಸಿದ್ದರು, ಬರೀ ಅರೇಬಿಕಾ. ಅಂಥವರ ಮುಂದೆ ಚಿಕೋರಿ ಸುದ್ದಿ ಎತ್ತಬಾರದಿತ್ತು.

ಬಸ್ಸಿನಲ್ಲಿ ಪೇಟೆಗೆ ಹೋಗಿ ಮೊದಲು ಹೊಕ್ಕಿದ್ದು ಮೆರ್ಕಾದೊ ಸೆಂತ್ರಾಲ್, 1880ರಲ್ಲಿ ಶುರುವಾದ ಮಾರುಕಟ್ಟೆ. ಒಂದೇ ಕಟ್ಟಡದೊಳಗೆ ಇಕ್ಕಟ್ಟು ಓಣಿಗಳು, ಮೀನು, ಹೂವು, ಚರ್ಮದ ಬೆಲ್ಟು, ಜ್ವರಕ್ಕೊಂದು ಹೊಟ್ಟೆನೋವಿಗೊಂದು ಅಂತ ಒಣ ಸೊಪ್ಪಿನ ಕಟ್ಟುಗಳು. ಪರ್ಸು ಮುಂದಿನ ಜೇಬಿನಲ್ಲಿರಲಿ. ನಿಮ್ಮ ದಿನದ ಅರ್ಧ ಇಲ್ಲೇ ಕಳೆಯಿರಿ, ಬೇಜಾರಾಗಲ್ಲ.

ತರಕಾರಿ ಅಂಗಡಿಯಲ್ಲಿ ದೋನ್ಯ ಒಂದು ಕಾಯಿ ಎತ್ತಿ, "ಇದು ನಿಮ್ಮ ದೇಶದಲ್ಲಿ ಇರಲ್ಲ, ಚಯೋತೆ, ನಮ್ಮದು" ಅಂದರು. ನೋಡಿದರೆ ಸೀಮೆಬದನೆ! ತಿಳಿ ಹಸಿರು, ತುದಿಯಲ್ಲಿ ಬಾಯಿ ಮುಚ್ಚಿಕೊಂಡ ಹಾಗೆ ಸುಕ್ಕು, ಅದೇ. ತಮಿಳರು, ತೆಲುಗರು ಇದನ್ನು ಬೆಂಗಳೂರು ಬದನೆ ಅನ್ನುತ್ತಾರೆ ಅಂದೆ. ಅಂಗಡಿಯವನಿಗೆ ಅದನ್ನು ಅವರೇ ಅನುವಾದ ಮಾಡಿ ಹೇಳಿದರು, ಅವನು ಪಕ್ಕದವನಿಗೆ ಕೂಗಿ ಹೇಳಿದ. ನ್ಯಾಯವಾಗಿ ಅದು ಅವರದ್ದೇ, ಮೂಲ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯದು. ನಮ್ಮ 'ಸೀಮೆ'ಯೇ ಅದನ್ನು ಹೇಳುತ್ತದೆ.

ಊಟಕ್ಕೂ ಅದೇ ನಿಮ್ಮನ್ನು ಕಾಪಾಡುತ್ತದೆ. ಮಾರುಕಟ್ಟೆಯೊಳಗಿನ ಸಣ್ಣ ಹೋಟೆಲುಗಳಿಗೆ 'ಸೋಡಾ' ಅಂತಾರೆ. ಅಲ್ಲಿ 'ಪಿಕಾದಿಯೊ ದೆ ಚಯೋತೆ' ಕೇಳಿ. ಸಣ್ಣಗೆ ಹೆಚ್ಚಿದ ಸೀಮೆಬದನೆ, ಜೋಳದ ಕಾಳು, ಕೊತ್ತಂಬರಿ. ಸಾಸಿವೆ ಒಗ್ಗರಣೆ ಒಂದು ಇದ್ದಿದ್ದರೆ ನಮ್ಮ ಪಲ್ಯವೇ. ಇನ್ನೊಂದು 'ಕಸಾದೊ', ಅನ್ನ, ಕಪ್ಪು ಬೀನ್ಸ್, ಸಲಾಡ್, ಕರಿದ ಬಾಳೆಹಣ್ಣು ಎಲ್ಲ ಒಂದೇ ತಟ್ಟೆಯಲ್ಲಿ. ಮಾಂಸದ ಬದಲು ಚೀಸ್ ಹಾಕಿಸಿಕೊಳ್ಳಬಹುದು. ಒಂದು ಎಚ್ಚರಿಕೆ: ಬರೀ 'ಸಿನ್ ಕಾರ್ನೆ' (ಮಾಂಸ ಬೇಡ) ಅಂತ ಹೇಳಿದರೆ ಸಾಲದು, ಎಷ್ಟೋ ಜನರಿಗೆ ಕಾರ್ನೆ ಅಂದರೆ ದನದ ಮಾಂಸ ಮಾತ್ರ, ಕೋಳಿ ತಂದಿಡುತ್ತಾರೆ. ಬೀನ್ಸ್ ಬೇಯಿಸುವಾಗ ಹಂದಿ ಕೊಬ್ಬು, 'ಮಾಂತೇಕಾ', ಹಾಕಿದ್ದಾರಾ ಅಂತಲೂ ನಿಮ್ಮ ಸಹೋದ್ಯೋಗಿ ಹತ್ತಿರ ಕೇಳಿಸಿ. ಬೆಳಗಿನ ಅನ್ನ-ಬೀನ್ಸ್ ಒಗ್ಗರಣೆ 'ಗಾಯೊ ಪಿಂತೊ'ಗೂ ಇದೇ ಮಾತು.

ಹೊರಡುವ ಮುಂಚೆ ಲೋಲೊ ಮೋರಾ ಅಂಗಡಿಯಲ್ಲಿ ಐಸ್‌ಕ್ರೀಂ ತಿನ್ನಿ. 1901ರಿಂದ ಇದೆ. ಇಂಥ ಫ್ಲೇವರ್ ಬೇಕು ಅಂತ ಕೇಳುವ ಹಾಗಿಲ್ಲ, ಇರೋದೇ ಒಂದು: ಹಳದಿ ಬಣ್ಣ, ಬಾಯಿಗಿಟ್ಟರೆ ಚಕ್ಕೆ, ಲವಂಗ. ತಣ್ಣಗಿನ ಪಾಯಸದ ಹಾಗೆ. ಮೊಟ್ಟೆ ತಿನ್ನದವರಾದರೆ ಕೇಳಿ ತಿನ್ನಿ.

ಅಲ್ಲಿಂದ ವಾಹನಗಳಿಲ್ಲದ ಅವೆನಿದಾ ಸೆಂತ್ರಾಲ್ ಹಿಡಿದು ಪೂರ್ವಕ್ಕೆ ನಡೆದರೆ ರಾಷ್ಟ್ರೀಯ ರಂಗಮಂದಿರ. 1897ರಲ್ಲಿ ಬಾಗಿಲು ತೆರೆದದ್ದು. ರಫ್ತಾಗುವ ಕಾಫಿಯ ಮೇಲೆ ತೆರಿಗೆ ಹಾಕಿ ಕಟ್ಟಲು ಶುರು ಮಾಡಿದರು, ಆಮೇಲೆ ಆ ಭಾರವನ್ನು ಆಮದಿನ ಮೇಲಕ್ಕೆ ತಳ್ಳಿದರು. ಅಂದರೆ ಪ್ಲಾಂಟರುಗಳು ಜಾರಿಕೊಂಡರು. ಕಾಫಿ ನಾಡಿನವನಾಗಿ ಇದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ.

ಒಳಗೆ ಮೆಟ್ಟಿಲ ಮೇಲಿನ ಚಾವಣಿಯಲ್ಲಿ ಒಂದು ದೊಡ್ಡ ಚಿತ್ರ ಇದೆ, ಇಟಲಿಯ ಅಲೆಯಾರ್ದೊ ವಿಲ್ಲಾ ಬರೆದದ್ದು. ಹಿಂದೆ 5 ಕೊಲೋನ್ ನೋಟಿನ ಮೇಲೂ ಅಚ್ಚಾಗಿತ್ತು. ಹೆಂಗಸರು ಕಾಫಿ ಹಣ್ಣು ಕೊಯ್ಯುತ್ತಿದ್ದಾರೆ, ಗಂಡಸೊಬ್ಬ ಬಾಳೆಗೊನೆ ಹಿಡಿದಿದ್ದಾನೆ, ಪಕ್ಕದಲ್ಲೇ ಸಮುದ್ರ, ಹಡಗು. ನಾನು ಕತ್ತೆತ್ತಿ ನೋಡುತ್ತಲೇ "ಸಮುದ್ರದ ದಡದಲ್ಲಿ ಅರೇಬಿಕಾ ಯಾರು ಬೆಳೆದರು?" ಅಂದುಬಿಟ್ಟೆ. ಅದು ಬೆಟ್ಟದ ಬೆಳೆ ಅಲ್ವಾ. ದೋನ್ಯ ಖುಷಿಯಿಂದ ನನ್ನ ಭುಜಕ್ಕೆ ಒಂದು ಕೊಟ್ಟರು. ಸ್ಕೂಲ್ ಮಕ್ಕಳನ್ನು ಕರೆತಂದಾಗಲೆಲ್ಲ ತಪ್ಪು ಕಂಡುಹಿಡಿಯಿರಿ ಅಂತಿದ್ದರಂತೆ, ಎಷ್ಟೋ ಸಲ ಅವರೇ ಹೇಳಿಕೊಡಬೇಕಾಗುತ್ತಿತ್ತಂತೆ. ಆ ಗೊನೆ ಹಿಡಿದವನ ಕೈ ನೋಡಿ, ಅವನು ಜನ್ಮದಲ್ಲಿ ಗೊನೆ ಹೊತ್ತವನಲ್ಲ.

ಅಷ್ಟೊತ್ತಿಗೆ ಮಳೆ. ಮೇನಿಂದ ನವೆಂಬರ್‌ವರೆಗೆ ಹೋಗುವುದಾದರೆ ಮಧ್ಯಾಹ್ನ ಮಳೆ ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಿ, ನಮ್ಮ ಜುಲೈ ಮಳೆಯ ಅಕ್ಕನ ಹಾಗೆ. ರಂಗಮಂದಿರದಲ್ಲೇ ಕೆಫೆ ಇದೆ, ಅಲ್ಲಿ ಕೂತು ಕಳೆದೆವು. ಪಕ್ಕದ ಪ್ಲಾಜಾದ ಅಡಿಯಲ್ಲಿ ಚಿನ್ನದ ಮ್ಯೂಸಿಯಂ ಇದೆ. ಚೆನ್ನಾಗಿದೆ, ಟೈಮಿದ್ದರೆ ನೋಡಿ.

ತಪ್ಪಿಸಬಾರದ್ದು ರಾಷ್ಟ್ರೀಯ ಮ್ಯೂಸಿಯಂ, ಹಿಂದೆ ಬೆಯಾವಿಸ್ತಾ ಅನ್ನೋ ಸೇನೆಯ ಕೋಟೆ. 1948ರಲ್ಲಿ 44 ದಿನ ಅಂತರ್ಯುದ್ಧ ಆಯಿತು, ಅದರ ಗುಂಡಿನ ತೂತುಗಳು ಗೋಪುರದ ಗೋಡೆಯಲ್ಲಿ ಇನ್ನೂ ಹಾಗೇ ಇವೆ. ಗೆದ್ದ ಹೊಸೆ ಫಿಗೆರೆಸ್ ಅದೇ ವರ್ಷ ಡಿಸೆಂಬರ್ 1ರಂದು ಈ ಕೋಟೆಯ ಗೋಡೆಗೆ ಸುತ್ತಿಗೆಯಿಂದ ಹೊಡೆದು, ಸೇನೆಯನ್ನೇ ವಿಸರ್ಜಿಸಿದರು. 1949ರ ಸಂವಿಧಾನದಲ್ಲಿ ಅದು ಸೇರಿತು. ಕೋಟೆಯ ಬೀಗದ ಕೈ ಮ್ಯೂಸಿಯಮ್ಮಿಗೆ ಹೋಯಿತು. ದೋನ್ಯ ಇಲ್ಲಿ ಜಾಸ್ತಿ ಮಾತಾಡಲಿಲ್ಲ. ಆ ಜಗಳದಲ್ಲಿ ಅವರಪ್ಪ ಒಂದು ಕಡೆ, ದೊಡ್ಡಪ್ಪ ಇನ್ನೊಂದು ಕಡೆ ಇದ್ದರಂತೆ, ಆಮೇಲೆ ಎಷ್ಟೋ ವರ್ಷ ಒಟ್ಟಿಗೆ ಕೂತು ಉಂಡಿರಲಿಲ್ಲವಂತೆ. ತೂತುಗಳ ಕಡೆ ಕೈ ತೋರಿಸಿ, "ಇವನ್ನು ಮುಚ್ಚಬಾರದು" ಅಂದರು, ಮುಂದೆ ನಡೆದರು.

ಕತ್ತಲಾದ ಮೇಲೆ ಪೇಟೆಯಲ್ಲಿ ಸುತ್ತಬೇಡಿ, ಬೇಗ ಖಾಲಿಯಾಗುತ್ತದೆ. ಕೆಂಪು ಟ್ಯಾಕ್ಸಿ ಹಿಡಿದರೆ ಮೀಟರ್ ಹಾಕಿಸಿ. ಮೀಟರಿಗೆ ಅವರು 'ಮರಿಯಾ' ಅನ್ನುತ್ತಾರೆ, "ಮರಿಯಾ ಹಾಕಿ" ಅಂದರೆ ಡ್ರೈವರ್ ನಿಮ್ಮನ್ನು ಹೊಸಬ ಅಂದುಕೊಳ್ಳಲ್ಲ. ಅವತ್ತು ದೋನ್ಯ ತಂಗಿ ಮನೆಗೆ ಹೋದರು, ನಾನೊಬ್ಬನೇ ಟ್ಯಾಕ್ಸಿಯಲ್ಲಿ ವಾಪಸ್. ಹಳೇ ಇಗೆರೋನ್, 200 ದಕ್ಷಿಣ, 50 ಪೂರ್ವ, ಹಸಿರು ಗೇಟು ಅಂದೆ. ಡ್ರೈವರ್ ಒಂದು ಮಾತೂ ಕೇಳದೆ ಗಾಡಿ ತಿರುಗಿಸಿದ.

ಹೋದ ವರ್ಷ ಫೋನ್ ಮಾಡಿದಾಗ ಗೇಟಿಗೆ ನೀಲಿ ಬಣ್ಣ ಹೊಡೆಸಿದೆ ಅಂದರು. ಹಾಗಾದರೆ ವಿಳಾಸ ಬದಲಾಯಿತಾ ಅಂತ ಕೇಳಿದೆ. "ಯಾಕೆ ಬದಲಾಗಬೇಕು? ಹಳೇ ಹಸಿರು ಗೇಟು" ಅಂದರು.