ಇದಕ್ಕೂ ಊಟ ಬಿಡೋದಾ?

ಓದುಗರ ಪತ್ರ

“ನಾವು ಹಾಸನದ ಕಡೆಯವರು. ನಾರ್ತ್ ಕ್ಯಾರೊಲೈನಾದ ಕ್ಯಾರಿಗೆ ಬಂದು 19 ವರ್ಷ ಆಯಿತು. ಮಗ ಪಕ್ಕದ ರಾಲಿಯ ಎನ್‌ಸಿ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದಾನೆ. ಮಾರ್ಚ್ 4ರ ರಾತ್ರಿ ಅವರ ಬಾಸ್ಕೆಟ್‌ಬಾಲ್ ತಂಡ ಪಕ್ಕದೂರಿನ ಡ್ಯೂಕ್ ಯೂನಿವರ್ಸಿಟಿ ಎದುರು ಸೋತಿತು. ಮಗ ಮನೆಗೆ ಬಂದು ಊಟ ಬೇಡ ಎಂದು ಮಲಗಿದ. ‘ಡ್ಯೂಕ್ ದೊಡ್ಡ ತಂಡ, ನಾವು ಸೋಲ್ತೀವಿ’ ಅಂತ ಮಧ್ಯಾಹ್ನ ಅವನೇ ಹೇಳಿದ್ದ. ಗೊತ್ತಿದ್ದೂ ಇಷ್ಟು ಸಂಕಟ ಯಾಕೆ? ಫೋನಿನಲ್ಲಿ ಕೋಚನ್ನು ಕಿತ್ತು ಹಾಕಿ ಅಂತ ಬರೆದಿದ್ದ. ಒಬ್ಬ ಆಟಗಾರನ ಬಗ್ಗೆ ನಾನು ಓದಲಾಗದಂಥ ಮಾತು ಬರೆದಿದ್ದ. ಡ್ಯೂಕಿನಲ್ಲಿ ಓದುವ ಅವನ ಗೆಳೆಯನೊಬ್ಬ ಇದ್ದಾನೆ, ಅವರೂ ಕನ್ನಡದವರೇ. ಚಿಕ್ಕಂದಿನಲ್ಲಿ ಶನಿವಾರದ ಕನ್ನಡ ಕ್ಲಾಸಿಗೆ ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದರು. ಆ ಹುಡುಗ ಫೋನ್ ಮಾಡಿದರೆ ಇವನು ತೆಗೆಯಲಿಲ್ಲ. ‘ಇದಕ್ಕೂ ಊಟ ಬಿಡೋದಾ?’ ಅಂದೆ. ‘ನಿನಗೆ ಅರ್ಥ ಆಗಲ್ಲಮ್ಮ’ ಅಂದ. ನಾನು ಬುದ್ಧಿ ಹೇಳಬೇಕಾ, ಸುಮ್ಮನಿರಬೇಕಾ?”

– ಹೆಸರು ಬೇಡ ಎಂದಿರುವ ಓದುಗರು, ಕ್ಯಾರಿ

ಸಂಪಾದಕರ ಉತ್ತರ

ನಮಸ್ಕಾರ. ನಿಮ್ಮ ಪತ್ರ ಕೈಸೇರುವ ಹೊತ್ತಿಗೆ ಆ ತಿಂಗಳ ಸಂಚಿಕೆ ಅಚ್ಚಿಗೆ ಹೋಗಿತ್ತು. ಉತ್ತರ ಬರೆಯಲು ಕೂತಿದ್ದು ಈಗ, 2024ರ ಏಪ್ರಿಲ್ ನಡುವಿನಲ್ಲಿ. ಅಷ್ಟರಲ್ಲಿ ನಿಮ್ಮ ಮಗನ ತಂಡ ಏನೆಲ್ಲ ಮಾಡಿಬಿಟ್ಟಿತು! ಬೇರೆ ಓದುಗರಿಗಾಗಿ ಬೇಗ ಹೇಳಿಬಿಡುತ್ತೇನೆ.

ಡ್ಯೂಕ್ ಎದುರು 79–64ರಲ್ಲಿ ಸೋತ ಮೇಲೆ ಅವರು ಪಿಟ್ಸ್‌ಬರ್ಗ್‌ನಲ್ಲೂ ಸೋತರು. ಸತತ ನಾಲ್ಕು ಸೋಲು. 15 ತಂಡಗಳ ಲೀಗಿನಲ್ಲಿ 10ನೇ ಸ್ಥಾನ. ಆಮೇಲೆ ವಾಷಿಂಗ್ಟನ್‌ನಲ್ಲಿ ಎಸಿಸಿ, ಅಂದರೆ ಅದೇ ಲೀಗಿನ ಟೂರ್ನಿ. ಅಲ್ಲಿ ಐದು ದಿನದಲ್ಲಿ ಐದು ಪಂದ್ಯ ಆಡಿ ಐದನ್ನೂ ಗೆದ್ದರು. ಅದೇ ಡ್ಯೂಕನ್ನು 74–69ರಲ್ಲಿ ಮಣಿಸಿದರು. ಮರುದಿನ ವರ್ಜೀನಿಯಾ ಎದುರು ಇನ್ನೇನು ಕಥೆ ಮುಗಿಯಿತು ಅನ್ನುವಾಗ ಮೈಕಲ್ ಓಕಾನಲ್ ದೂರದಿಂದ ಎಸೆದ ಚೆಂಡು ಬೋರ್ಡಿಗೆ ಬಡಿದು ಬುಟ್ಟಿಗೆ ಬಿತ್ತು. ಆಟ ಓವರ್‌ಟೈಮಿಗೆ ಹೋಯಿತು, ಅದನ್ನೂ ಗೆದ್ದರು. ಫೈನಲ್‌ನಲ್ಲಿ ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿ (ಯುಎನ್‌ಸಿ) ತಂಡವನ್ನು 84–76ರಲ್ಲಿ ಸೋಲಿಸಿದರು. 1987ರ ನಂತರ ಸಿಕ್ಕ ಮೊದಲ ಎಸಿಸಿ ಪ್ರಶಸ್ತಿ ಅದು. ಅಲ್ಲಿಗೂ ನಿಲ್ಲಲಿಲ್ಲ. ರಾಷ್ಟ್ರೀಯ ಟೂರ್ನಿಯಲ್ಲಿ ನಾಲ್ಕು ಪಂದ್ಯ ಗೆದ್ದರು. ನಾಲ್ಕನೆಯದು ಮತ್ತೆ ಡ್ಯೂಕ್ ಎದುರು, ಮಾರ್ಚ್ 31ರಂದು, 76–64. ಡಿಜೆ ಬರ್ನ್ಸ್ ಎಂಬ ಭಾರೀ ಆಳು ಆ ದಿನ 29 ಅಂಕ ಗಳಿಸಿದ. ಕೊನೆಗೆ ಏಪ್ರಿಲ್ 6ರಂದು ಪರ್ಡ್ಯೂ ಎದುರು 63–50ರಲ್ಲಿ ಸೋತು ಆಟ ಮುಗಿಸಿದರು.

ಈಗ ನನಗೊಂದು ಸುಲಭದ ಉತ್ತರ ಕೈಗೆ ಸಿಕ್ಕಿದೆ ನೋಡಿ. “ಸೋತವರೇ ಗೆದ್ದರಲ್ಲ, ಮಗನಿಗೆ ಹೇಳಿ, ತಾಳ್ಮೆ ಇರಲಿ” ಅಂತ ಬರೆದು ಮುಗಿಸಬಹುದು. ಆದರೆ ನನಗೆ ಆ ಉತ್ತರ ಬೇಡ. ನೀವು ಕೇಳಿದ್ದು ಮಾರ್ಚ್ 4ರ ರಾತ್ರಿಯ ಬಗ್ಗೆ. ಆ ರಾತ್ರಿ ಮುಂದಿನದು ಯಾರಿಗೂ ಗೊತ್ತಿರಲಿಲ್ಲ. 1987ರಿಂದ ಈಚೆಗೆ ಪ್ರತಿ ವರ್ಷವೂ ಅಂಥ ರಾತ್ರಿಗಳು ಬಂದಿವೆ, ಹಿಂದೆಯೇ ಪವಾಡ ಬಂದಿಲ್ಲ. ಮುಂದೆಯೂ ಹೆಚ್ಚಿನ ವರ್ಷ ಬರುವುದಿಲ್ಲ. ಆದ್ದರಿಂದ ಪವಾಡ ಆಗಲೇ ಇಲ್ಲ ಅಂದುಕೊಂಡು ನಿಮಗೆ ಉತ್ತರ ಬರೆಯುತ್ತೇನೆ.

ಸೋಲುತ್ತೇವೆ ಅಂತ ಗೊತ್ತಿದ್ದೂ ಸಂಕಟ ಯಾಕೆ? ನಿಮ್ಮ ಮಗ ಮಧ್ಯಾಹ್ನ ಹೇಳಿದ್ದು ಪೂರ್ತಿ ನಿಜ ಅಲ್ಲ ಅಂತ ನನಗನಿಸುತ್ತದೆ. ಅವನು ಸುಳ್ಳು ಹೇಳಿದ ಅಂತಲ್ಲ. ಬಲಶಾಲಿ ಎದುರಾಳಿ ಇದ್ದಾಗ ಅಭಿಮಾನಿ ಮೊದಲೇ ಹಾಗೆ ಹೇಳಿಕೊಳ್ಳುತ್ತಾನೆ. ಬೀಳುವ ಪೆಟ್ಟಿಗೆ ಮೈ ಗಟ್ಟಿ ಮಾಡಿಕೊಂಡ ಹಾಗೆ ಅದು. ಒಳಗೆ ಮಾತ್ರ ಒಂದು ಆಸೆ ಉರಿಯುತ್ತಲೇ ಇರುತ್ತದೆ. ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಆ ಆಸೆಗೆ ಕಾರಣವೂ ಇದೆ. ಇಲ್ಲಿ ಪಂದ್ಯ 40 ನಿಮಿಷ, ವೃತ್ತಿಪರರ ಎನ್‌ಬಿಎಯಲ್ಲಿ 48. ಒಂದು ಕಾಲೇಜು ಪಂದ್ಯದಲ್ಲಿ ಒಂದು ತಂಡಕ್ಕೆ ಚೆಂಡು ಸಿಗುವುದು ಸುಮಾರು 70 ಸಲ ಅಷ್ಟೇ. ಅಷ್ಟರಲ್ಲಿ ನಿಮ್ಮ ಕಡೆಯ ನಾಲ್ಕು ಥ್ರೀ ಪಾಯಿಂಟರ್ (ದೂರದಿಂದ ಎಸೆದು ಗಳಿಸುವ ಮೂರು ಅಂಕದ ಬುಟ್ಟಿ) ಹೆಚ್ಚಿಗೆ ಬಿದ್ದು ಅವರ ಕಡೆಯ ನಾಲ್ಕು ತಪ್ಪಿದರೆ 24 ಅಂಕದ ವ್ಯತ್ಯಾಸ! ಹತ್ತು ಸಲ ಆಡಿದರೆ ಎಂಟು ಸಲ ಸೋಲುವ ತಂಡಕ್ಕೂ ಇವತ್ತು ಆ ಉಳಿದ ಎರಡರಲ್ಲೊಂದು ಆಗಬಹುದು. ಎದುರಾಳಿ ಎಷ್ಟು ದೊಡ್ಡವನಾದರೂ ಮೊದಲ ಹತ್ತು ನಿಮಿಷ ಅಂಕ ಸಮ ಸಮ ಇದ್ದರೆ ಸಾಕು, ಆ ಆಸೆ ಎದ್ದು ನಿಲ್ಲುತ್ತದೆ. ಆಮೇಲೆ ಅಂತರ ಐದಾಗಿ, ಒಂಬತ್ತಾಗಿ, ಹದಿನೈದಾಗುವುದನ್ನು ಕೂತು ನೋಡಬೇಕು. ನೋವು ಆಗುವುದು ಸೋತದ್ದಕ್ಕಿಂತ ಜಾಸ್ತಿ ಅಲ್ಲಿ, ನಂಬಬಾರದು ಅಂತಿದ್ದವನು ಮತ್ತೆ ನಂಬಿಬಿಟ್ಟೆನಲ್ಲ ಅನ್ನುವಲ್ಲಿ.

ಮತ್ತೆ, ಸೋತದ್ದು ಯಾರಿಗೆ? ರಾಲಿ, ಡ್ಯೂಕ್ ಇರುವ ಡರ್ಹ್ಯಾಮ್, ಚಾಪೆಲ್ ಹಿಲ್ ಮೂರೂ ಒಂದಕ್ಕೊಂದು ಅರ್ಧ ಗಂಟೆಯ ಕಾರಿನ ದಾರಿ. ಗೆದ್ದವರು ಎಲ್ಲೋ ದೂರದ ಊರಿಗೆ ಹೋಗಿಬಿಡುವುದಿಲ್ಲ. ಮರುದಿನ ಆಫೀಸಿನಲ್ಲಿ, ಅಂಗಡಿಯ ಸಾಲಿನಲ್ಲಿ, ಪೂಜೆಗೆ ಹೋದ ಮನೆಯಲ್ಲಿ ಸಿಗುತ್ತಾರೆ. ಡ್ಯೂಕಿನ ಕಡುನೀಲಿ ಟೀ ಶರ್ಟ್ ಹಾಕಿಕೊಂಡು ಸಿಗುತ್ತಾರೆ. ಮಾರ್ಚ್ 2ಕ್ಕೆ ತಿಳಿನೀಲಿಯ ಯುಎನ್‌ಸಿ ಎದುರು ಸೋತು, ಎರಡೇ ದಿನದಲ್ಲಿ ಡ್ಯೂಕ್ ಎದುರು ಸ್ವಂತ ಊರಿನಲ್ಲೇ ಸೋಲುವುದು ಅಂದರೆ ಎರಡೂ ಕಡೆಯ ಪಕ್ಕದ ಮನೆಯವರು ಸೇರಿ ಹೊಡೆದ ಹಾಗೆ. ಗೆಳೆಯನ ಫೋನ್ ತೆಗೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಬೇರೆ ಯಾರದ್ದಾದರೂ ತೆಗೆಯುತ್ತಿದ್ದ. ಹತ್ತಿರದವನ ಸಮಾಧಾನ ಆ ಹೊತ್ತಿನಲ್ಲಿ ಇನ್ನೂ ಚುಚ್ಚುತ್ತದೆ.

ರಾಲಿಯವರಿಗೆ ಇನ್ನೊಂದು ಹೊರೆ ಇದೆ. ಅವರು ಯಾವತ್ತೂ ಚಿಕ್ಕವರಾಗಿರಲಿಲ್ಲ. 1940ರ ದಶಕದಲ್ಲಿ ಎವರೆಟ್ ಕೇಸ್ ಎಂಬ ಕೋಚ್ ಇಂಡಿಯಾನಾದಿಂದ ಅಲ್ಲಿಗೆ ಬಂದು ಆ ಸೀಮೆಗೆ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿಸಿದ. ಟೂರ್ನಿ ಗೆದ್ದವರು ಏಣಿ ಹತ್ತಿ ಬುಟ್ಟಿಯ ನೆಟ್ ಕತ್ತರಿಸಿಕೊಳ್ಳುವ ಪದ್ಧತಿ ಇವತ್ತು ಅಮೆರಿಕದ ಎಲ್ಲ ಕಾಲೇಜುಗಳಲ್ಲಿದೆಯಲ್ಲ, ಅಲ್ಲಿ ಅದನ್ನು ಬೇರೂರಿಸಿದವನು ಅವನೇ. 1974ರಲ್ಲಿ, ಅದಕ್ಕೂ ಮೊದಲು ಸತತ ಏಳು ವರ್ಷ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ಕ್ಯಾಲಿಫೋರ್ನಿಯಾದ ಯುಸಿಎಲ್‌ಎಯನ್ನು ಎರಡು ಓವರ್‌ಟೈಮ್ ಆಡಿ ಸೆಮಿಫೈನಲ್‌ನಲ್ಲಿ ಕೆಡವಿ ಎನ್‌ಸಿ ಸ್ಟೇಟ್ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 1983ರಲ್ಲಿ ಕೋಚ್ ಜಿಮ್ ವಾಲ್ವಾನೊ ಅವರ ತಂಡ ಹತ್ತು ಪಂದ್ಯ ಸೋತಿದ್ದರೂ ಫೈನಲ್ ತಲುಪಿತು. ಎದುರಿಗೆ, ಮುಂದೆ ಎನ್‌ಬಿಎ ತಾರೆಗಳಾದ ಓಲಾಜುವಾನ್, ಡ್ರೆಕ್ಸ್‌ಲರ್ ಇದ್ದ ಹ್ಯೂಸ್ಟನ್. ಕೊನೆಯ ಕ್ಷಣದಲ್ಲಿ ಬುಟ್ಟಿಗೆ ಮುಟ್ಟದೆ ಬೀಳುತ್ತಿದ್ದ ಚೆಂಡನ್ನು ಲೊರೆಂಜೊ ಚಾರ್ಲ್ಸ್ ಗಾಳಿಯಲ್ಲೇ ಹಿಡಿದು ಒಳಗೆ ತುರುಕಿದ. 54–52. ವಾಲ್ವಾನೊ ತಬ್ಬಿಕೊಳ್ಳಲು ಯಾರಾದರೂ ಸಿಗಲಿ ಅಂತ ಅಂಕಣದ ತುಂಬ ಓಡಾಡಿದ್ದನ್ನು ಇವತ್ತಿಗೂ ಟಿವಿಯಲ್ಲಿ ತೋರಿಸುತ್ತಾರೆ. ನಿಮ್ಮ ಮಗ ಹುಟ್ಟುವ ಎಷ್ಟೋ ವರ್ಷ ಮೊದಲಿನ ಮಾತು. ಅವನು ಕಾಣದ ಆ ಗೆಲುವು ಅವನ ತಲೆಯಲ್ಲಿ ಕೂತಿದೆ. ನಾವೂ ಒಂದು ಕಾಲಕ್ಕೆ ಡ್ಯೂಕಿಗಿಂತ ಕಡಿಮೆ ಇರಲಿಲ್ಲ ಎಂಬ ನೆನಪು ಸೋಲನ್ನು ಹಗುರ ಮಾಡುವುದಿಲ್ಲ, ಭಾರ ಮಾಡುತ್ತದೆ.

ಇಷ್ಟು ಹೇಳಿದ ಮೇಲೆ ಊಟ ಬಿಟ್ಟಿದ್ದರ ಬಗ್ಗೆ ನನ್ನ ತಕರಾರಿಲ್ಲ. ಒಂದು ಹೊತ್ತಿನ ಊಟ, ಬಿಡಲಿ. ಸಾರು ಬಿಸಿ ಮಾಡಿ ಮುಚ್ಚಿಟ್ಟು ನೀವು ಮಲಗಿ. ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲಿ ಸದ್ದಾಗುತ್ತದೆ.

ತಕರಾರು ಇರುವುದು ಫೋನಿನಲ್ಲಿ ಬರೆದದ್ದಕ್ಕೆ. ಅಲ್ಲಿ ಬುದ್ಧಿ ಹೇಳಲೇಬೇಕು.

ಕೋಚ್ ಮಾತು ಮೊದಲು. ಕೆವಿನ್ ಕೀಟ್ಸ್ ಸಂಬಳ ತಗೊಂಡು ಕೆಲಸ ಮಾಡುವ ದೊಡ್ಡ ಮನುಷ್ಯ. ಅವರ ತಂತ್ರ ಸರಿಯಿಲ್ಲ ಎನ್ನುವ ಹಕ್ಕು ಅಭಿಮಾನಿಗೆ ಇದೆ. ಆದರೆ ಸೋತ ರಾತ್ರಿಯ ತೀರ್ಪು ಎಷ್ಟು ದುರ್ಬಲ ಅನ್ನುವುದಕ್ಕೆ ಡ್ಯೂಕಿನದೇ ಕಥೆ ಇದೆ. ಅದೇ 1983. ಡ್ಯೂಕಿನ ಮೂರನೇ ವರ್ಷದ ಕೋಚ್ ಆ ಸಲ 11 ಪಂದ್ಯ ಗೆದ್ದು 17 ಸೋತಿದ್ದರು. ಕೊನೆಯ ಪಂದ್ಯದಲ್ಲಿ ವರ್ಜೀನಿಯಾ 109–66ರಲ್ಲಿ ಬಡಿದಿತ್ತು. ಅವರನ್ನು ಓಡಿಸಿ ಅಂತ ಡ್ಯೂಕಿಗೆ ಹಣ ಕೊಡುವವರೇ ಕೂಗಿದರು. ಕ್ರೀಡಾ ವಿಭಾಗದ ಮುಖ್ಯಸ್ಥ ಟಾಮ್ ಬಟರ್ಸ್ ಕೇಳಲಿಲ್ಲ. ಮುಂದಿನ ವರ್ಷ ಒಪ್ಪಂದವನ್ನೇ ಮುಂದುವರಿಸಿದರು. ಆ ಕೋಚ್ ಮೈಕ್ ಷೆಷೆವ್‌ಸ್ಕಿ. 2022ರಲ್ಲಿ ನಿವೃತ್ತರಾಗುವ ಹೊತ್ತಿಗೆ ಐದು ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದರು. ಇವತ್ತು ನಿಮ್ಮ ಮಗನನ್ನು ಹೆದರಿಸುವ ಡ್ಯೂಕನ್ನು ಕಟ್ಟಿದವರು ಅವರೇ. ಕೀಟ್ಸ್ ಅಂಥವರೇ ಆಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಎಲ್ಲ ಕೋಚ್‌ಗಳೂ ಆಗುವುದಿಲ್ಲ.

ಆಟಗಾರನ ವಿಷಯ ಬೇರೆ. ಅವನಿಗೆ ನಿಮ್ಮ ಮಗನ ವಯಸ್ಸೇ ಇರಬಹುದು, ಅಥವಾ ಎರಡು ಮೂರು ವರ್ಷ ಜಾಸ್ತಿ. ಅದೇ ಕ್ಯಾಂಪಸ್ಸಿನಲ್ಲಿ ಓಡಾಡುತ್ತಾನೆ. ಅವನ ಕೈಯಲ್ಲೂ ಫೋನ್ ಇದೆ. ಸೋತ ರಾತ್ರಿ ಅದನ್ನು ಅವನು ತೆರೆದು ನೋಡಿಯೇ ನೋಡುತ್ತಾನೆ. ಯುಎನ್‌ಸಿಯ ಆಟಗಾರ ಅರ್ಮಾಂಡೊ ಬೇಕಾಟ್ ಈ ಮಾರ್ಚ್‌ನಲ್ಲಿ ಒಂದು ಮಾತು ಹೇಳಿದರು. ಒಂದು ಪಂದ್ಯ ಆದ ಮೇಲೆ ಫೋನ್ ನೋಡಿದರೆ, ಸಾಕಷ್ಟು ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು) ತೆಗೆದುಕೊಳ್ಳಲಿಲ್ಲ ಅಂತ ಬೈದು ನೂರಕ್ಕೂ ಹೆಚ್ಚು ಮೆಸೇಜ್ ಬಂದಿದ್ದವಂತೆ. ಆ ಪಂದ್ಯವನ್ನು ಅವರ ತಂಡ ಗೆದ್ದಿತ್ತು! ಬೈದವರಿಗೆ ತಂಡ ಗೆದ್ದರೇನು, ಸೋತರೇನು, ಬೇಕಾದ್ದು ರೀಬೌಂಡ್ ಮೇಲೆ ಕಟ್ಟಿದ ಬಾಜಿಯ ಲೆಕ್ಕ. ನಾರ್ತ್ ಕ್ಯಾರೊಲೈನಾದಲ್ಲಿ ಫೋನಿನ ಮೇಲೆ ಆಟಕ್ಕೆ ಬಾಜಿ ಕಟ್ಟುವುದು ಕಾನೂನುಬದ್ಧ ಆದದ್ದು ಈ ಮಾರ್ಚ್ 11ಕ್ಕೆ, ನಿಮ್ಮ ಮಗ ಊಟ ಬಿಟ್ಟ ಒಂದು ವಾರಕ್ಕೆ. ಇನ್ನು ಮುಂದೆ ಆ ಹುಡುಗರ ಫೋನಿಗೆ ಬರುವ ಬೈಗುಳ ಕಡಿಮೆ ಆಗುವ ಹಾಗೆ ನನಗೆ ಕಾಣುವುದಿಲ್ಲ. ನಿಮ್ಮ ಮಗನ ನೋವು ಬಾಜಿಯದ್ದಲ್ಲ, ಪ್ರೀತಿಯದ್ದು. ಆದರೆ ಓದುವವನಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡೂ ಒಂದೇ ರಾಶಿಗೆ ಬೀಳುತ್ತವೆ. ಇದನ್ನು ಅವನಿಗೆ ಹೇಳಿ. ಸೋತ ರಾತ್ರಿ ಬೇಡ, ಮರುದಿನ ಸಂಜೆ ಹೇಳಿ. ಬರೆದದ್ದನ್ನು ಅಳಿಸು ಅಂತ ನೇರವಾಗಿಯೇ ಹೇಳಿ.

“ಅದೊಂದು ಆಟ ಅಷ್ಟೇ” ಅಂತ ಮಾತ್ರ ಹೇಳಬೇಡಿ. ಅದರ ಬದಲು ಆಟದ ಬಗ್ಗೆ ಕೇಳಿ. “ಎಲ್ಲಿಯವರೆಗೆ ಸಮ ಇತ್ತು? ಎಲ್ಲಿ ಕೈತಪ್ಪಿತು?” ಅಂತ. ನಿಯಮ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಅವನು ವಿವರಿಸುತ್ತಾನೆ. ವಿವರಿಸುತ್ತಾ ವಿವರಿಸುತ್ತಾ ಬೈಗುಳ ಕರಗಿ ಆಟ ಉಳಿಯುತ್ತದೆ. ಇದು ನಾನು ಪುಸ್ತಕದಲ್ಲಿ ಓದಿದ್ದಲ್ಲ. ಮೈಸೂರಿನಲ್ಲಿ ಓದುವಾಗ ಅಂತರಕಾಲೇಜು ಪಂದ್ಯಕ್ಕೆ ನಮ್ಮ ತಂಡದ ಜೊತೆ ಬೆಂಗಳೂರಿಗೆ ಹೋಗಿದ್ದೆ. ಆಡಲು ಅಲ್ಲ, ಕೂಗಲು. ನಮಗಿಂತ ಎತ್ತರದ, ನಮಗಿಂತ ಒಳ್ಳೆಯ ಶೂ ಇದ್ದ ಹುಡುಗರು ನಮ್ಮನ್ನು ಸೋಲಿಸಿದರು. ವಾಪಸು ಬರುವ ಕೆಂಪು ಬಸ್ಸಿನಲ್ಲಿ ತಮಟೆ ತಂದಿದ್ದವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕಡೆ ತಿರುಗಿ ಕೂತಿದ್ದ. ರಾಮನಗರದವರೆಗೂ ಯಾರೂ ಮಾತಾಡಲಿಲ್ಲ. ಆಮೇಲೆ ಕಂಡಕ್ಟರ್ ಬಂದು “ಎಷ್ಟರಲ್ಲಿ ಸೋತ್ರಿ?” ಅಂದರು. ಒಬ್ಬ ಅಂಕ ಹೇಳಿದ. ಇನ್ನೊಬ್ಬ ಅದು ಹೇಗಾಯಿತು ಅಂತ ಹೇಳಿದ. ಮದ್ದೂರು ಬರುವ ಹೊತ್ತಿಗೆ ಇಡೀ ಪಂದ್ಯವನ್ನು ಮತ್ತೊಮ್ಮೆ ಆಡಿ ಮುಗಿಸಿದ್ದೆವು. ಎಲ್ಲರೂ ವಡೆ ತಿಂದೆವು.

ಇನ್ನು, ಯುಗಾದಿ ಆದ ಮೇಲೆ ನೀವು ಕಳಿಸಿದ ಎರಡನೇ ಪತ್ರ. ಇದನ್ನು ಓದುಗರಿಗೆ ತಿಳಿಸಲು ನಿಮ್ಮ ಒಪ್ಪಿಗೆ ಇದೆ. ಏಪ್ರಿಲ್ 5ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಎನ್‌ಸಿ ಸ್ಟೇಟ್ ಹೆಣ್ಣುಮಕ್ಕಳ ತಂಡ, ಒಂದೂ ಪಂದ್ಯ ಸೋಲದ ಸೌತ್ ಕ್ಯಾರೊಲೈನಾ ಎದುರು 78–59ರಲ್ಲಿ ಸೋತಿತು. ಮರುದಿನ ಅರಿಜೋನಾದಲ್ಲಿ ಗಂಡುಮಕ್ಕಳ ತಂಡ, ಏಳು ಅಡಿ ನಾಲ್ಕು ಇಂಚಿನ ಜ್ಯಾಕ್ ಈಡಿ ಇದ್ದ ಪರ್ಡ್ಯೂ ಎದುರು ಸೋತಿತು. ಎರಡು ರಾತ್ರಿ, ಎರಡು ಸೋಲು, ಎರಡೂ ತಮಗಿಂತ ದೊಡ್ಡವರ ಎದುರು. ಎರಡನ್ನೂ ಅವನು ಮನೆಯಲ್ಲೇ ನೋಡಿದ ಎಂದು ಬರೆದಿದ್ದೀರಿ. ಪಂದ್ಯ ಮುಗಿದ ಮೇಲೂ ಟಿವಿ ಆರಿಸದೆ, ಕೊನೆಯ ಆಟಗಾರ ಒಳಗೆ ಹೋಗುವವರೆಗೂ ನಿಂತು ನೋಡಿದ ಎಂದಿದ್ದೀರಿ. ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು ಸಾಲು. ಮಾರ್ಚ್ 31ರಂದು ಡ್ಯೂಕನ್ನು ಸೋಲಿಸಿದ ರಾತ್ರಿ ನೀವು “ಗೆಳೆಯನಿಗೆ ಫೋನ್ ಮಾಡಲ್ವಾ?” ಎಂದು ಕೇಳಿದಿರಂತೆ. “ಇವತ್ತು ಬೇಡಮ್ಮ. ಎರಡು ದಿನ ಬಿಟ್ಟು ಮಾಡ್ತೀನಿ” ಅಂದನಂತೆ. ಹೇಳಿದ ಹಾಗೆ ಮಾಡಿದನಂತೆ.

ಆ ಹುಡುಗ ಯುಗಾದಿಗೆ ನಿಮ್ಮ ಮನೆಗೆ ಬಂದು ಹೋಳಿಗೆ ತಿಂದು ಹೋದ ಎಂದು ಬರೆದಿದ್ದೀರಿ. ಇಬ್ಬರೂ ಆಟದ ಮಾತು ಎತ್ತಿದರೋ ಇಲ್ಲವೋ ಬರೆದಿಲ್ಲ. ಎತ್ತಿದ್ದರೆ ಮೊದಲು ಯಾರು ಎತ್ತಿದರು ಅನ್ನುವುದನ್ನು ದಯವಿಟ್ಟು ತಿಳಿಸಿ.

– ಸಂಪಾದಕ