ಅದೇ ದುಡ್ಡಿಗೆ 1966ರ ಮಸ್ಟಾಂಗ್ ತಗೊಳ್ಳಲಾ, 2016ರ ಮಸ್ಟಾಂಗ್ ಜಿಟಿ ತಗೊಳ್ಳಲಾ?

ನಿಮ್ಮ ಪ್ರಶ್ನೆ ನೋಡಿ ನಗು ಬಂತು. ಆರು ವರ್ಷದ ಹಿಂದೆ ಇಲ್ಲಿ ಮಿಶಿಗನ್‌ನಲ್ಲಿ ನಾನೂ ಫೋರ್ಡ್ ಕಂಪನಿಯ ಇದೇ ಎರಡು ಮಸ್ಟಾಂಗ್ ಕಾರುಗಳ ಜಾಹೀರಾತು ನೋಡುತ್ತಾ ರಾತ್ರಿ ಒಂದು ಗಂಟೆಯವರೆಗೆ ಎದ್ದಿರುತ್ತಿದ್ದೆ. ಕೊನೆಗೆ ತಂದಿದ್ದು 1966ರದ್ದು. ಕೆಂಪು ಬಣ್ಣ, ಎಂಟು ಸಿಲಿಂಡರ್‌ನ 289 ವಿ8 ಎಂಜಿನ್, 24 ಸಾವಿರ ಡಾಲರ್. ದಾವಣಗೆರೆಯ ಮನೆಯ ಗೋಡೆಗೆ ಅಂಟಿಸಿದ್ದ ಪೋಸ್ಟರೇ ಎದ್ದು ಬಂದ ಹಾಗಿತ್ತು.

ಮೊದಲ ಮಳೆಗೇ ಹೆಂಡತಿ "ರೀ, ಕಾಲೆಲ್ಲ ಒದ್ದೆ ಆಗ್ತಿದೆ" ಅಂದಳು. ಕಿಟಕಿ ಮುಚ್ಚಿಲ್ಲವೇನೋ ಅಂದುಕೊಂಡೆ. ಮುಚ್ಚಿತ್ತು.

ನಾನು ಕೆಟ್ಟಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವೆ ಸೀಳು ಸೀಳಾದ ಒಂದು ತಗಡು ಇರುತ್ತದೆ, ಅದಕ್ಕೆ ಕೌಲ್ ಅನ್ನುತ್ತಾರೆ. ಕಾರೊಳಗೆ ಗಾಳಿ ಬರುವುದು ಅಲ್ಲಿಂದಲೇ. ಮಳೆನೀರೂ ಅದೇ ಸೀಳಿನಿಂದ ಇಳಿದು ಎರಡು ಪಕ್ಕಕ್ಕೆ ಹರಿದು ಹೋಗಬೇಕು. ಗಾಳಿ ತೂತಿನ ಸುತ್ತ ನೀರು ಒಳಗೆ ಬೀಳದಂತೆ ಒಂದು ಕಟ್ಟೆ ಇದೆ. ಐವತ್ತು ವರ್ಷದ ಎಲೆ, ಕಸ ಅಲ್ಲಿ ಕೊಳೆತು ಆ ಕಟ್ಟೆಯನ್ನೇ ತುಕ್ಕು ತಿಂದುಹಾಕಿರುತ್ತದೆ, ಆಮೇಲೆ ನೀರು ನೇರ ಕಾಲಡಿಗೆ. ಹೊರಗಿಂದ ಏನೂ ಕಾಣುವುದಿಲ್ಲ. ಕೊಳ್ಳುವ ಮುಂಚೆ ಒಂದು ಚೊಂಬು ನೀರು ಅಲ್ಲಿ ಸುರಿದು, ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡಿದ್ದರೆ ಸಾಕಿತ್ತು. ನಾನು ನೋಡಿದ್ದು ಹೊಸ ಪೇಂಟು, ಹೊಸ ಕಾರ್ಪೆಟ್. ಕಾರ್ಪೆಟ್ ಯಾಕೆ ಹೊಸದು ಅಂತ ಕೇಳಲೂ ಇಲ್ಲ, ದಡ್ಡ. ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಬಿಚ್ಚಿ, ಗಾಜು ತೆಗೆದು, ತಗಡು ಜೋಡಿಸಿದ್ದ ವೆಲ್ಡಿಂಗ್ ಚುಕ್ಕೆಗಳನ್ನು ಒಂದೊಂದಾಗಿ ಕೊರೆದು, ನೆಲದ ತಗಡೂ ಬದಲಾಯಿಸುವಷ್ಟರಲ್ಲಿ 9 ಸಾವಿರ ಡಾಲರ್ ಹೋಯಿತು. ಒಂದು ಇಡೀ ಬೇಸಿಗೆ ಕಾರು ಗ್ಯಾರೇಜಿನಲ್ಲೇ.

ಇನ್ನು ನಿಮ್ಮ ಹೋಲಿಕೆ. 2016ರ ಜಿಟಿ 435 ಹಾರ್ಸ್‌ಪವರ್, ನನ್ನದು 200 ಅಂತ ಬರೆದಿದೆ. ಆ 200 ಕೂಡ ಹಳೇ ಲೆಕ್ಕ: 1972ಕ್ಕೆ ಮುಂಚೆ ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಸೈಲೆನ್ಸರ್ ಗಿಲೆನ್ಸರ್ ಇಲ್ಲದೆ ಅಳೆಯುತ್ತಿದ್ದರು, ಕಾರಿನಲ್ಲಿ ಸಿಗುವುದು ಅದಕ್ಕಿಂತ ಕಮ್ಮಿ. ನನ್ನದರ ಬ್ರೇಕಿಗೆ ಒಂದೇ ಸರ್ಕ್ಯೂಟ್, ಒಂದು ಕಡೆ ಪೈಪ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಮಾಯ. ಎರಡು ಸರ್ಕ್ಯೂಟ್ ಬಂದಿದ್ದು 1967ಕ್ಕೆ. 2016ರದ್ದರಲ್ಲಿ ಹಿಂಬದಿ ಸಸ್ಪೆನ್ಷನ್ ಕೂಡ ಚಕ್ರಕ್ಕೊಂದರಂತೆ ಬೇರೆ ಬೇರೆ. ಹೆಸರು, ಓಡುವ ಕುದುರೆ ಎರಡರಲ್ಲೂ ಒಂದೇ, ಅಷ್ಟೇ. ಹೆಸರೊಂದೇ ಸಾಕು ಅನ್ನುವವರು 1974ರ ಮಸ್ಟಾಂಗ್ 2 ನೋಡಲಿ. ಫೋರ್ಡಿನದೇ ಪಿಂಟೊ ಅನ್ನುವ ಸಣ್ಣ ಕಾರಿನ ಮೇಲೆ ಕಟ್ಟಿದ್ದು, ಆ ವರ್ಷ ವಿ8 ಕೂಡ ಇರಲಿಲ್ಲ.

ಹಾಗಾಗಿ "ಯಾವುದು ಒಳ್ಳೆಯದು" ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಇರುವುದು ಒಂದೇ ಕಾರು, ಅದರಲ್ಲೇ ಆಫೀಸಿಗೂ ಹೋಗಬೇಕು ಅಂದರೆ ಸುಮ್ನೆ 2016ರದ್ದು ತಗೊಳ್ಳಿ. ನಿಮ್ಮ ಹತ್ತಿರ ಇನ್ನೊಂದು ಕಾರು, ಒಂದು ಗ್ಯಾರೇಜು, ಜೊತೆಗೆ ಹತ್ತು ಸಾವಿರ ಡಾಲರ್ ಇದ್ದರೆ ಹಳೆಯದರ ಮಾತು ಆಡೋಣ. ನನ್ನದನ್ನು ಮಾರಿದೆನಾ ಅಂತ ಕೇಳಬೇಡಿ, ಇನ್ನೂ ಇದೆ. ಈಗ ಗೆಳೆಯರ ಜೊತೆ ಹಳೇ ಮಸ್ಟಾಂಗ್ ನೋಡಲು ಹೋದರೆ ಕೈಯಲ್ಲಿ ಒಂದು ಗ್ಯಾಲನ್ ನೀರಿನ ಕ್ಯಾನ್ ಇರುತ್ತದೆ. ಮಾರುವವನು "ಸುರಿಯಬೇಡಿ" ಅಂದರೆ ಅಲ್ಲಿಂದಲೇ ವಾಪಸ್.