ವೈಕಾಫ್ ಮನೆ ಪೂರ್ತಿ 1652ರದ್ದೇನಾ?

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಹಳೇ ಡಚ್ ರೈತನ ಮನೆ, ವೈಕಾಫ್ ಮನೆ ನೋಡಿ ಬಂದು, "ಇಷ್ಟು ದೊಡ್ಡ ಮನೆ ಪೂರ್ತಿ 1652ರಲ್ಲೇ ಕಟ್ಟಿದ್ದಾ?" ಅಂತ ಕೇಳಿದ್ದೀರಿ. ಇಲ್ಲ. ಆ ಹೊತ್ತಿಗೆ ಇದ್ದದ್ದು ಒಂದೇ ಕೋಣೆ ಅನ್ನುತ್ತಾರೆ. ಗಟ್ಟಿಸಿದ ಮಣ್ಣಿನ ನೆಲ, ಗಾಜಿಲ್ಲದ ಕಿಟಕಿ. ಒಂದು ತುದಿಯಲ್ಲಿ ಮನೆ ಸ್ವಲ್ಪ ಗಿಡ್ಡ ಇದೆ ಅಲ್ವಾ, ಅದೇ ಹಳೇ ಭಾಗ. ಉಳಿದದ್ದು 18 ಮತ್ತು 19ನೇ ಶತಮಾನದಲ್ಲಿ ಸೇರಿಸಿದ್ದು. ಸಂಸಾರ ಬೆಳೆದ ಹಾಗೆ ಮನೆಯೂ ಬೆಳೀತು.

ನನಗೆ ಮನೆಗಿಂತ ಮನೆಯವನ ಕಥೆಯೇ ಜಾಸ್ತಿ ಇಷ್ಟ. ಪೀಟರ್ ಕ್ಲಾಸೆನ್ 1637ರಲ್ಲಿ ಅಮೆರಿಕಕ್ಕೆ ಬಂದಾಗ ಇನ್ನೂ ಹುಡುಗ. ಕರಾರಿನ ಮೇಲೆ ದುಡಿಯಲು ಬಂದವನು. ಈಗಿನ ಆಲ್ಬನಿ ಹತ್ತಿರದ ಡಚ್ ಜಮೀನಿನಲ್ಲಿ ಕರಾರು ಮುಗಿಸಿದ. ಆಮೇಲೆ ಬ್ರೂಕ್ಲಿನ್ ಕಡೆ ಬಂದು ಆಗ ಡಚ್ಚರ ವಸಾಹತಾಗಿದ್ದ ಆ ಪ್ರದೇಶದ ಗವರ್ನರ್ ಪೀಟರ್ ಸ್ಟೈವೆಸೆಂಟ್ ಅವರ ಹೊಲ ನೋಡಿಕೊಂಡ. ಕೊನೆಗೆ ಊರಿನ ನ್ಯಾಯಾಧೀಶನೂ ಆದ! 1664ರಲ್ಲಿ ಇಂಗ್ಲಿಷರು ಡಚ್ಚರಿಂದ ಆ ವಸಾಹತು ಕಿತ್ತುಕೊಂಡ ಮೇಲೆ ವೈಕಾಫ್ ಅನ್ನೋ ಮನೆತನದ ಹೆಸರು ಇಟ್ಟುಕೊಂಡ.

ಒಂದು ವಿಷಯ ಮಾತ್ರ ಬಿಡಬಾರದು. ಈ ಹೊಲದಲ್ಲಿ ಗುಲಾಮರೂ ದುಡಿದಿದ್ದಾರೆ. ನ್ಯೂಯಾರ್ಕಿನಲ್ಲಿ ಗುಲಾಮಗಿರಿ ಕೊನೆಯಾಗಿದ್ದು 1827ರಲ್ಲಿ. ಸುಮ್ನೆ "ಶ್ರಮಜೀವಿ ಡಚ್ ಕುಟುಂಬ" ಅಂದುಬಿಟ್ಟರೆ ಅರ್ಧ ಕಥೆಯೇ ಹೋಯಿತು.

1901ರಲ್ಲಿ ಮನೆ ಕುಟುಂಬದ ಕೈ ಬಿಟ್ಟಿತು. 1961ರಲ್ಲಿ ವಂಶಸ್ಥರ ಸಂಘ ಮತ್ತೆ ಕೊಂಡು, 1969ರಲ್ಲಿ ನಗರಕ್ಕೆ ಕೊಟ್ಟಿತು. ನಡುವೆ 1965ರಲ್ಲಿ ನ್ಯೂಯಾರ್ಕ್ ನಗರ ಸ್ಮಾರಕಗಳನ್ನು ಗುರುತಿಸಲು ಶುರುಮಾಡಿದಾಗ ಪಟ್ಟಿಗೆ ಮೊದಲು ಸೇರಿದ್ದು ಇದೇ ಮನೆ.